ರೀತಮ್ಮನ ವರ್ಷ

ಸಂತರ ಕಥೆ ಕೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದು ಬಲು ಸುಲಭ. ಕಣ್ಣೊರೆಸಿಕೊಂಡು ಮನೆಗೆ ಹೋಗಿ ಸೊಸೆಯನ್ನು ಬೈಯುವುದು ಇನ್ನೂ ಸುಲಭ. ಅಂತೋಣಿಕೊಪ್ಪಲಿನ ಹೆಂಗಸರು ಹೆಚ್ಚುಕಮ್ಮಿ ಅಷ್ಟನ್ನೇ ಮಾಡುತ್ತಿದ್ದರು. ಜ್ಞಾನಮ್ಮ ಒಬ್ಬಳು ಮಾತ್ರ ಕೇಳಿದ್ದನ್ನು ಮಾಡಿ ನೋಡಲು ಹೊರಡುತ್ತಿದ್ದಳು. ಅವಳ ಪಾಡೆಲ್ಲ ಶುರುವಾದದ್ದು ಅಲ್ಲಿಂದಲೇ.

ಕೊಪ್ಪಲು ಗೊರೂರಿಗೆ ಎರಡು ಮೈಲಿ ದೂರ, ಹೇಮಾವತಿಯ ದಂಡೆಯಲ್ಲಿತ್ತು. ನಲವತ್ತು ಮನೆ, ಎಲ್ಲರೂ ಕ್ರಿಸ್ತರು. ಉಣ್ಣುವ ಮುದ್ದೆ, ಉಡುವ ಸೀರೆ, ಬೈಯುವ ಬೈಗುಳ ಎಲ್ಲ ಅಕ್ಕಪಕ್ಕದ ಹಳ್ಳಿಯವರದೇ. ಕೊರಳಲ್ಲೊಂದು ಶಿಲುಬೆ ಇತ್ತು, ಅಷ್ಟೇ ವ್ಯತ್ಯಾಸ. ಫ್ರಾನ್ಸಿನಿಂದ ಬಂದು ಇಲ್ಲೇ ಮುದುಕರಾದ ಪಾದ್ರಿ ಸ್ವಾಮಿಗಳು ಅವರಿಗೆ ಒಂದು ರೂಢಿ ಹಾಕಿಕೊಟ್ಟಿದ್ದರು. ಜನವರಿ ಒಂದನೇ ತಾರೀಕು ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಉಪದೇಶಿ ಚಿನ್ನಪ್ಪ ಹಿತ್ತಾಳೆ ತಟ್ಟೆಯಲ್ಲಿ ಸುರುಳಿ ಸುತ್ತಿದ ಚೀಟಿಗಳನ್ನು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ. ಸ್ವಾಮಿಗಳು ಹಾಸನಕ್ಕೋ ಅರಕಲಗೂಡಿಗೋ ಹೋದಾಗ ಜಪ ಹೇಳಿಸುವವನು, ಮಕ್ಕಳಿಗೆ ಮಂತ್ರ ಕಲಿಸುವವನು, ಊರಲ್ಲಿ ಪುಸ್ತಕ ಓದಬಲ್ಲವನು ಈ ಚಿನ್ನಪ್ಪನೇ. ಪ್ರತಿ ಮನೆಯ ಹೆಂಗಸೂ ಒಂದೊಂದು ಚೀಟಿ ಎತ್ತಬೇಕು. ಚೀಟಿಯಲ್ಲಿ ಯಾವ ಪುಣ್ಯವತಿಯ ಹೆಸರಿದೆಯೋ ಆ ವರ್ಷವೆಲ್ಲ ಆ ತಾಯಿಯೇ ಮನೆಗೆ ಕಾವಲು. ಅವಳ ಹಬ್ಬ ಬಂದಾಗ ಚಿನ್ನಪ್ಪ ಚರ್ಚಿನ ಜಗಲಿಯಲ್ಲಿ ಕೂತು ಅವಳ ಚರಿತ್ರೆಯನ್ನು ಎಲ್ಲರಿಗೂ ಓದಿ ಹೇಳುತ್ತಿದ್ದ.

ಜ್ಞಾನಮ್ಮನಿಗೆ ಆ ಚೀಟಿ ಎಂದರೆ ಮೇಲಿನಿಂದ ಬಂದ ಅಪ್ಪಣೆ.

ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ ಅವಳ ಪಾಲಿಗೆ ಬಂದದ್ದು ಸಂತ ಜರ್ಮಾನಮ್ಮ. ಕುರಿ ಕಾಯುವ ಹುಡುಗಿ, ಮಲತಾಯಿಯ ಕೈಲಿ ಪೆಟ್ಟು ತಿಂದವಳು. ಪೂಜೆಯ ಗಂಟೆ ಕೇಳಿದರೆ ಸಾಕು, ನೂಲುವ ಕೋಲನ್ನು ನೆಲಕ್ಕೆ ನೆಟ್ಟು ಚರ್ಚಿಗೆ ಓಡುತ್ತಿದ್ದಳಂತೆ. ಅವಳು ಬರುವ ತನಕ ಒಂದು ಕುರಿಯೂ ಕದಲುತ್ತಿರಲಿಲ್ಲವಂತೆ. ಜ್ಞಾನಮ್ಮನಿಗೆ ಮೂರು ಆಡಿದ್ದವು. ಕಥೆ ಕೇಳಿದ ಮಾರನೆಯ ಭಾನುವಾರ ಗಂಟೆ ಹೊಡೆದಾಗ ಅವಳೂ ಕೈಲಿದ್ದ ಕೋಲನ್ನು ಗದ್ದೆಯ ಬದುವಿಗೆ ನೆಟ್ಟಳು, ಶಿಲುಬೆ ಗುರುತು ಹಾಕಿದಳು, ಪೂಜೆಗೆ ಹೋದಳು. ವಾಪಸು ಬಂದು ನೋಡಿದರೆ ಕೋಲು ನೆಟ್ಟಲ್ಲೇ ಇತ್ತು. ಆಡುಗಳು ಉಪದೇಶಿ ಚಿನ್ನಪ್ಪನ ಹುರುಳಿ ಹೊಲದಲ್ಲಿದ್ದವು.

“ಏನ್ ಜ್ಞಾನಮ್ಮ, ನನ್ ಉಳ್ಳಿ ಪೂರಾ ಮೇಯಿಸ್ಬುಟ್ಟೆಯಲ್ಲ!” ಚಿನ್ನಪ್ಪ ಬದುವಿನ ಮೇಲೆ ಕುಣಿದಾಡಿದ.

“ನೀವೇ ತಾನೆ ಓದಿದ್ದು? ಕೋಲು ನೆಟ್ರೆ ಕದಲಾಕಿಲ್ಲ ಅಂತ?”

“ಪುಸ್ತಕದಾಗಿರೋದು ಕುರಿ ಕಣಮ್ಮ! ಆಡಲ್ಲ!”

ಕೊಪ್ಪಲು ಒಂದು ತಿಂಗಳು ಅದನ್ನೇ ಹೇಳಿಕೊಂಡು ನಕ್ಕಿತು. ಅವಳಿಗೆ ನಾಚಿಕೆಯಾಗಲಿಲ್ಲ. ಮಾರನೆಯ ವರ್ಷ ಬಂದದ್ದು ಸಂತ ಎಲಿಜಬೆತಮ್ಮ. ರಾಣಿಯಾಗಿದ್ದವಳು. ಬಡವರಿಗೆ ಕೊಡಲು ಮಡಿಲಲ್ಲಿ ಬಚ್ಚಿಟ್ಟುಕೊಂಡ ರೊಟ್ಟಿ, ಗಂಡ ಬಿಚ್ಚಿ ನೋಡಿದಾಗ ಗುಲಾಬಿ ಹೂವಾಗಿತ್ತಂತೆ. ಜ್ಞಾನಮ್ಮ ಮಗನಿಗೆ ಕಾಣದ ಹಾಗೆ ರಾಗಿ ಹಿಟ್ಟನ್ನು ಮಡಿಲಿಗೆ ಸುರಿದುಕೊಂಡು ಹೊಳೆ ದಾಟಿ ಬರುವ ಭಿಕ್ಷುಕರಿಗೆ ಹಂಚಿದಳು. ಒಂದು ದಿನ ಮಗ ಇನ್ನಾಸಿ ಬಾಗಿಲಿಗೆ ಅಡ್ಡ ನಿಂತ.

“ಮಡಿಲಾಗೇನವ್ವ ಅದು?”

“ಊವು ಕಣೋ.”

“ಎಲ್ಲಿ, ತೋರ್ಸು.” ಸೆರಗು ಬಿಡಿಸಿದರೆ ಹಿಟ್ಟು. ಇನ್ನಾಸಿ ನಕ್ಕೂ ನಕ್ಕೂ ಕಂಬಕ್ಕೆ ಒರಗಿದ. “ಈ ಊವ್ನ ಮೊದ್ಲು ಎಸರಿಗೆ ಆಕಿ ತಿರುವು. ಒಟ್ಟೆ ಅಸೀತಾ ಐತೆ.”

ಅವನಿಗಾಗ ಹದಿನೆಂಟು. ಅವನು ಹಾಗೆ ನಕ್ಕದ್ದೇ ಅವಳಿಗೆ ಆ ವರ್ಷದ ಪವಾಡ. ಏಕೆಂದರೆ ಅಪ್ಪ ಸತ್ತ ಮೇಲೆ ಇನ್ನಾಸಿ ನಗುತ್ತಿದ್ದದ್ದು ಕಡಿಮೆ.

ಅಪ್ಪ ರಾಯಪ್ಪ ಸತ್ತದ್ದು ಮೂವತ್ತೊಂದರ ನಾಟಿ ಕಾಲದಲ್ಲಿ. ಕಾಲುವೆ ನೀರಿನ ಸರದಿಗೆ ಜಗಳ. ಕಾಲುವೆಯಾಚೆಯ ಕಾಳೇನಹಳ್ಳಿಯ ಚೆನ್ನಯ್ಯ ಗದ್ದೆಗೆ ನೀರು ಬಿಡುವ ಮಡೆ ತೆಗೆದ, ರಾಯಪ್ಪ ಮುಚ್ಚಿದ. ಅವನು ಮತ್ತೆ ತೆಗೆದ, ಇವನು ಮತ್ತೆ ಮುಚ್ಚಿದ. ಮಾತು ಹೋಗಿ ಗುದ್ದಲಿ ಕಾವು ಬಂತು. ಒಂದೇ ಏಟು ರಾಯಪ್ಪನ ಕಿವಿಯ ಹಿಂದೆ ಬಿತ್ತು. ಹೊತ್ತು ಮುಳುಗುವುದಕ್ಕೆ ಮೊದಲು ಜೀವ ಹೋಯಿತು. ಅಪ್ಪನಿಗೆ ಬುತ್ತಿ ತಂದಿದ್ದ ಹದಿನಾಲ್ಕರ ಇನ್ನಾಸಿ ಅದನ್ನೆಲ್ಲ ಕಣ್ಣಾರೆ ಕಂಡಿದ್ದ. ಹಾಸನದ ಕೋರ್ಟಿನಲ್ಲಿ ಚೆನ್ನಯ್ಯನಿಗೆ ಏಳು ವರ್ಷ ಶಿಕ್ಷೆಯಾಯಿತು.

ಅಂದಿನಿಂದ ಜ್ಞಾನಮ್ಮ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಹರಳು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ ಹರಳೆಣ್ಣೆ ತೆಗೆಯುವುದು ಅವಳ ಕಸುಬು. ಎಸರ ಮೇಲೆ ಎಣ್ಣೆ ತೇಲಿ ಬರುವವರೆಗೆ ಒಲೆಯ ಮುಂದೆ ಸುಮ್ಮನೆ ಕೂರಬೇಕು. ಅದೊಂದು ಅವಳಿಂದ ಆಗದು. ನಾಲ್ಕು ಸಲ ಎದ್ದು ಬೀದಿಗೆ ಹೋಗಿ ಬರುವಳು. ಎಷ್ಟೋ ಎಣ್ಣೆ ಸೀದು ಹೋಯಿತು. ಯಾರಾದರೂ ಹೀಗಿರು, ಹೀಗೆ ಬದುಕು ಎಂದು ಹೇಳಿಕೊಟ್ಟರೆ ಸಾಕಾಗಿತ್ತು ಅವಳಿಗೆ. ಹೇಳುವವರು ಊರಲ್ಲಿ ಯಾರೂ ಇರಲಿಲ್ಲ. ಆ ಪುಸ್ತಕದ ತಾಯಂದಿರು ಇದ್ದರು. ಅವರೂ ಹೆಂಗಸರೇ. ಗಂಡನ ಏಟು, ಅತ್ತೆಯ ಕಾಟ, ಮಕ್ಕಳ ಚಿಂತೆ ಕಂಡವರೇ. ಅವರು ದಾಟಿದ ಹೊಳೆಯನ್ನು ತಾನೂ ದಾಟಬಹುದು ಎಂದು ಅವಳು ನಂಬಿದ್ದಳು.

ಮೂವತ್ತೇಳರ ಜನವರಿಯಲ್ಲಿ ಅವಳು ಎತ್ತಿದ ಚೀಟಿ ಸಂತ ರೀತಮ್ಮ. ಪಕ್ಕದ ಮನೆಯ ತೆರೇಜಮ್ಮನಿಗೆ ಸಂತ ಮೋನಿಕಮ್ಮ.

“ಮೋನಿಕಮ್ಮ ದಾರಿ ತಪ್ಪಿದ ಮಗನಿಗೋಸ್ಕರ ಹದಿನೇಳು ವರ್ಷ ಕಣ್ಣೀರಿಟ್ಟ ತಾಯಿ,” ಎಂದ ಚಿನ್ನಪ್ಪ.

“ಅದೇ ಸರಿ ನಂಗೆ,” ಎಂದಳು ತೆರೇಜಮ್ಮ. ಅವಳ ಮಗ ಹೆಂಡದಂಗಡಿ ಬಿಟ್ಟು ಬರುತ್ತಿರಲಿಲ್ಲ. “ನಂದು ಈಗಾಗ್ಲೆ ಒಂಬತ್ತು ವರ್ಷ ಆಗೋಗೈತೆ. ಇನ್ನೆಂಟು ಅತ್ರೆ ಸಾಕಲ್ಲ?”

“ರೀತಮ್ಮ ಯಾರು?” ಜ್ಞಾನಮ್ಮ ಕೇಳಿದಳು.

“ಅವಳ ಗಂಡನನ್ನೂ ಹಗೆಯೋರು ಕೊಂದರು,” ಎಂದ ಚಿನ್ನಪ್ಪ. ಎಂದವನೇ ನಾಲಿಗೆ ಕಚ್ಚಿಕೊಂಡ. “ಮಿಕ್ಕಿದ್ದು ಮೇ ತಿಂಗಳಲ್ಲಿ ಓದ್ತೀನಿ.”

ಆ ನಾಲ್ಕು ತಿಂಗಳು ಜ್ಞಾನಮ್ಮನಿಗೆ ನಾಲ್ಕು ವರ್ಷವಾಯಿತು. ಕೊನೆಗೂ ತನ್ನಂಥವಳೇ ಒಬ್ಬಳು ಸಿಕ್ಕಿದ್ದಳು. ಅವಳು ಏನು ಮಾಡಿದಳೋ ತಿಳಿದರೆ ತಾನೂ ಅದನ್ನೇ ಮಾಡುವುದು. ಮಾಡಬೇಕಾದ ಕೆಲಸವೂ ಮುಂದೆಯೇ ಇತ್ತು. ಚೆನ್ನಯ್ಯನಿಗೆ ಒಂದು ವರ್ಷಕ್ಕೂ ಮೇಲೆ ಮಾಫಿ ಸಿಕ್ಕಿದೆ, ಈ ಮುಂಗಾರಿಗೆ ಬಿಡುಗಡೆ ಎಂದು ಗೊರೂರಿನಲ್ಲಿ ಮಾತಾಡುತ್ತಿದ್ದರು. ಇನ್ನಾಸಿಗೆ ಇಪ್ಪತ್ತು ತುಂಬಿತ್ತು. ಹೆಣ್ಣು ನೋಡೋಣ ಎಂದರೆ ಒಂದೇ ಮಾತು: “ಮೊದ್ಲು ಒಂದ್ ಕೆಲ್ಸ ಐತೆ. ಅದಾದ್ ಮ್ಯಾಕೆ ಮದ್ವೆ.” ಯಾವ ಕೆಲಸ ಎಂದು ಊರಲ್ಲಿ ಒಬ್ಬರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಮೇ ಇಪ್ಪತ್ತೆರಡು ಬಂತು. ಮಧ್ಯಾಹ್ನ ಜಗಲಿಯ ತುಂಬ ಹೆಂಗಸರು. ಚಿನ್ನಪ್ಪ ರಾಗವಾಗಿ ಓದಿದ. ರೀತಮ್ಮನ ಗಂಡ ಮುಂಗೋಪಿ. ಅವಳು ತಾಳಿಕೊಂಡಳು, ಅವನು ಬದಲಾದ. ಬದಲಾದ ಹೊತ್ತಿಗೆ ಹಗೆಗಳು ಅವನನ್ನು ಕೊಂದರು. ರೀತಮ್ಮ ಕೊಂದವರನ್ನು ಕ್ಷಮಿಸಿದಳು. ಆದರೆ ಗಂಡುಮಕ್ಕಳಿಬ್ಬರು ಅಪ್ಪನ ಸಾವಿಗೆ ಸೇಡು ತೀರಿಸುತ್ತೇವೆಂದು ಹಟ ಹಿಡಿದರು. ತಾಯಿ ಬೇಡಿದಳು, ಅವರು ಕೇಳಲಿಲ್ಲ. ಆಗ ಆ ಮಹಾತಾಯಿ ದೇವರ ಮುಂದೆ ಮೊಣಕಾಲೂರಿ, ‘ಸ್ವಾಮೀ, ನನ್ನ ಮಕ್ಕಳು ಕೊಲೆಯ ಪಾಪಕ್ಕೆ ಕೈ ಹಾಕುವ ಮುಂಚೆ ನೀನೇ ಅವರನ್ನು ಕರೆದುಕೋ’ ಎಂದು ಪ್ರಾರ್ಥಿಸಿದಳು. ವರ್ಷ ತುಂಬುವುದರೊಳಗೆ ಇಬ್ಬರೂ ಕಾಯಿಲೆ ಬಿದ್ದು, ಪಾಪದ ಕಲೆ ಇಲ್ಲದೆ, ದೇವರ ಪಾದ ಸೇರಿದರು.

ಜಗಲಿಯಲ್ಲಿ ಮೂಗು ಸೀಟುವ ಸದ್ದು ಎದ್ದಿತು. ತೆರೇಜಮ್ಮ ಎದೆ ಬಡಿದುಕೊಂಡಳು. ಚಿನ್ನಪ್ಪ ಪುಸ್ತಕ ಮುಚ್ಚಿ ಕಣ್ಣಿಗೊತ್ತಿಕೊಂಡ.

ಜ್ಞಾನಮ್ಮ ಅಳಲಿಲ್ಲ. “ಅವ್ರನ್ನ ಎತ್ತೋಳೇನಾ ಅವ್ಳು?” ಎಂದಳು.

“ಹೆತ್ತವಳೇ ಮತ್ತೆ. ಅದಕ್ಕೇ ಸಂತ ಪದವಿ ಸಿಕ್ಕಿದ್ದು.”

ಅವಳು ಎದ್ದು ಹೊಳೆಯ ಕಡೆ ನಡೆದಳು. ಮರಳ ಮೇಲೆ ಹೋಗುವಳು, ಬರುವಳು. ಎತ್ತಿದ ಚೀಟಿಯನ್ನು ಎಸೆಯಲು ಧೈರ್ಯವಿಲ್ಲ, ಇಟ್ಟುಕೊಳ್ಳಲೂ ಧೈರ್ಯವಿಲ್ಲ.

ಜೂನ್ ಎರಡನೇ ವಾರ ಚೆನ್ನಯ್ಯ ಬಂದ. ಮೈಸೂರಿನ ಜೈಲಿನಿಂದ ಹಾಸನಕ್ಕೆ ಬಂದು, ಅಲ್ಲಿಂದ ಗೊರೂರಿನವರೆಗೆ ಬಸ್ಸಿನಲ್ಲಿ ಬಂದು, ತಲೆಗೆ ಟವೆಲು ಹೊದ್ದು ಕಾಲುವೆ ಏರಿಯ ಮೇಲೆ ನಡೆದು ಹೋದದ್ದನ್ನು ಹತ್ತು ಜನ ನೋಡಿದರು. ಸುದ್ದಿ ಕೊಪ್ಪಲಿಗೆ ಮುಟ್ಟಿದಾಗ ಇನ್ನಾಸಿ ಊಟಕ್ಕೆ ಕೂತಿದ್ದ. ಮುರಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆದುಕೊಂಡ.

“ಎಲ್ಲೋಯ್ತೀಯೋ?”

“ಮಳೆ ಬತ್ತದೆ. ಕಾಲುವೆ ನೋಡ್ಕಂಬತ್ತೀನಿ.”

“ಬ್ಯಾಡ ಕಣಪ್ಪ. ನಿನ್ ಕಾಲಿಗ್ ಬೀಳ್ತೀನಿ.”

“ಕಾಲಿಗ್ ಬೀಳೋ ಅಂತಾದ್ದು ಏನಾಯ್ತವ್ವ? ನೀರ್ ನೋಡೋಕೋಯ್ತಿವ್ನಿ, ಅಷ್ಟೆ.” ಅವನು ಇಷ್ಟು ಮೆತ್ತಗೆ ಮಾತಾಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ.

ಅವನು ಹೋಗಿ ಕಾಳೇನಹಳ್ಳಿಯ ದಾರಿ ಕಾಣುವ ಏರಿಯ ಮೇಲೆ ಕೂತ. ಮಾರನೆಯ ದಿನವೂ ಕೂತ. ಚೆನ್ನಯ್ಯ ಊರು ಬಿಟ್ಟು ಹೊರಗೆ ಬರಲಿಲ್ಲ. ಮೂರನೆಯ ದಿನ ಮಗ ಮಳೆಯಲ್ಲಿ ನೆನೆಯುತ್ತಾ ಅಲ್ಲೇ ಕೂತಿರುವುದನ್ನು ದೂರದಿಂದ ನೋಡಿ ಜ್ಞಾನಮ್ಮ ಚರ್ಚಿಗೆ ಓಡಿದಳು. ಒಳಗೆ ಯಾರೂ ಇರಲಿಲ್ಲ. ಮೊಣಕಾಲೂರಿದಳು. ಮಂತ್ರ ಒಂದೂ ನೆನಪಾಗಲಿಲ್ಲ.

“ನನ್ ಮಗನ್ ಕೈಗೆ ರಕ್ತ ಅಂಟೋಕ್ ಮುಂಚೆ ನೀನೇ ಕರ್ಕೊ,” ಎಂದಳು. ಗಟ್ಟಿಯಾಗಿಯೇ ಎಂದಳು. ಮಾತು ಬಾಯಿ ಬಿಟ್ಟ ಮೇಲೆ ತಾನೇ ಬೆಚ್ಚಿ ಎದ್ದು, ಸೆರಗು ಕಾಲಿಗೆ ಸಿಕ್ಕಿ ಮುಗ್ಗರಿಸಿ, ಹೊರಗೆ ಬಂದಳು.

ನಾಲ್ಕನೆಯ ದಿನ ಇನ್ನಾಸಿಗೆ ಚಳಿಜ್ವರ ಹತ್ತಿತು.

ಆ ಸೀಮೆಯಲ್ಲಿ ಮಳೆ ಹಿಡಿದರೆ ಮನೆಗೊಬ್ಬರು ಚಳಿಜ್ವರದಲ್ಲಿ ನಡುಗುವುದು ಯಾರಿಗೂ ಹೊಸದಲ್ಲ. ಮೂರು ದಿನ ಮಳೆಯಲ್ಲಿ ಕೂತವನಿಗೆ ಬರದೆ ಇನ್ನೇನು? ಅದನ್ನು ಅವಳಿಗೆ ಹೇಳುವವರಾರು? ಹೇಳಿದರೂ ಕೇಳುವವಳಲ್ಲ. ಮೂರು ಕಂಬಳಿ ಹೊದಿಸಿದರೂ ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಅವಳಿಗೆ ಮಾತ್ರ ತಾನೇ ಅವನ ಕುತ್ತಿಗೆ ಹಿಸುಕಿದ ಹಾಗೆ ಆಗುತ್ತಿತ್ತು. ಜ್ವರ ಹತ್ತಿದ ಐದನೆಯ ದಿನ ಅವನು ಬಡಬಡಿಸತೊಡಗಿದ. ಅಮ್ಮನನ್ನೇ ಗುರುತು ಹಿಡಿಯಲಿಲ್ಲ. ಅವಳು ಚಿನ್ನಪ್ಪನ ಮನೆಗೆ ಹೋಗಿ, ಸ್ವಾಮಿಗಳ ಬೀರುವಿನಲ್ಲಿದ್ದ ಕ್ವಿನೈನ್ ಮಾತ್ರೆ ಈಸಿಕೊಂಡು ಬಂದು, ಮೂಗು ಹಿಡಿದು ಬಾಯಿ ತೆರೆಸಿ ಅವನಿಗೆ ನುಂಗಿಸಿದಳು. ಆಮೇಲೆ ನೇರ ತೆರೇಜಮ್ಮನ ಮನೆಗೆ ನುಗ್ಗಿದಳು.

“ತೆರೇಜಕ್ಕ, ನಿನ್ ಚೀಟಿ ನಂಗ್ ಕೊಡು. ನನ್ ಚೀಟಿ ನೀನಿಟ್ಕೊ.”

“ಯಾಕಮ್ಮ?”

“ಮೋನಿಕಮ್ಮ ಬರೀ ಅತ್ಲು. ಸಾಯ್ಸು ಅನ್ನಲಿಲ್ಲ.”

ತೆರೇಜಮ್ಮ ಸೊಂಟದ ಮೇಲೆ ಕೈಯಿಟ್ಟಳು. “ಸರೋಯ್ತು! ನಿನ್ ರೀತಮ್ಮನ್ನ ನನ್ ಮನೆಗ್ ಕಟ್ಟಿ, ನನ್ ಕುಡುಕನ್ನ ಕರ್ಕೊಂಡೋಗಲಿ ಅಂತಾನಾ? ಕುಡುಕನಾದ್ರೂ ನನ್ ಹೊಟ್ಟೇಲ್ ಉಟ್ಟೋನು ಕಣೆ. ನಾ ಕೊಡಾಕಿಲ್ಲ.” ಆಮೇಲೆ ಜ್ಞಾನಮ್ಮನ ಮುಖ ನೋಡಿ ದನಿ ಇಳಿಸಿದಳು. “ಏನೇ? ಏನಾರ ಕೇಳ್ಕಂಡ್ಯಾ ದೇವ್ರನ್ನ?”

ಜ್ಞಾನಮ್ಮ ಹೊರಗೆ ಬಂದಳು. ಸ್ವಾಮಿಗಳು ಹಾಸನದಲ್ಲಿದ್ದರು, ಬರುವುದು ಮುಂದಿನ ವಾರ. ಚಿನ್ನಪ್ಪನ ಜಗಲಿಗೆ ಎರಡನೇ ಸಲ ಹತ್ತಿದಳು.

“ಉಪದೇಶಿಗಳೇ, ಒಂದ್ ಪ್ರಾರ್ಥನೆ ಮಾಡ್ಬುಟ್ಟಿವ್ನಿ. ಅದನ್ನ ವಾಪಸ್ ತಗೊಳೋಕಾಯ್ತದಾ?”

ಚಿನ್ನಪ್ಪ ಹುರಿಗಡಲೆ ತಿನ್ನುತ್ತಿದ್ದವನು ನಿಲ್ಲಿಸಿದ. ಅವನಿಗೆ ಅರ್ಥವಾಯಿತು. “ಹಂಗೆಲ್ಲ ಪುಸ್ತಕದಲ್ಲಿ ಬರೆದಿಲ್ಲವಲ್ಲ ಜ್ಞಾನಮ್ಮ.”

“ಇನ್ನೇನ್ ಬರ್ದೈತೆ? ಆ ತಾಯಿ ಆಮೇಕೆ ಏನ್ ಮಾಡುದ್ಲು? ಮಕ್ಳು ಸತ್ರು. ಆಮೇಕೆ?”

ಅವನು ಒಳಗಿನಿಂದ ಪುಸ್ತಕ ತಂದ. ಹಾಳೆ ತಿರುವಿದ. ಅವತ್ತು ಮುಚ್ಚಿದ ಜಾಗದಿಂದ ಮುಂದೆ ಇನ್ನೂ ನಾಲ್ಕು ಪುಟಗಳಿದ್ದವು. ತುಟಿ ಆಡಿಸಿಕೊಂಡು ಓದಿ ಹೇಳಿದ. ರೀತಮ್ಮ ಮಠಕ್ಕೆ ಸೇರಲು ಹೋದಳಂತೆ. ನಿನ್ನ ಮನೆಗೂ ಅವರ ಮನೆಗೂ ಹಗೆ ಇರುವ ತನಕ ಸೇರಿಸುವುದಿಲ್ಲ ಎಂದರಂತೆ. ಆಗ ಅವಳು ಗಂಡನನ್ನು ಕೊಂದವರ ಮನೆ ಬಾಗಿಲಿಗೆ ತಾನೇ ಹೋಗಿ, ಎರಡೂ ಕಡೆಯವರನ್ನು ಒಂದು ಕಡೆ ಕೂರಿಸಿ, ಹಗೆ ತೀರಿತು ಎಂದು ರಾಜಿ ಮಾಡಿಸಿದಳಂತೆ.

ಜ್ಞಾನಮ್ಮ ಉರಿದು ಹೋದಳು. “ಇದನ್ನ ಯಾಕ್ ಓದ್ಲಿಲ್ಲ ಅವತ್ತು?”

“ಎಲ್ಲಾರೂ ಅಳ್ತಿದ್ರಿ. ಅಲ್ಲಿಗೇ ನಿಲ್ಲಿಸಿದ್ರೆ ಚೆಂದ ಅನ್ನಿಸ್ತು.”

“ಚೆಂದಾನಾ? ನಿಮ್ ಚೆಂದಕ್ಕೆ ಬೆಂಕಿ ಆಕ! ನಾಲ್ಕ್ ಪುಟ ಓದೋಕೆ ನಿಮ್ ಬಾಯೇನ್ ಸೇದೋಗಿತ್ತಾ?”

“ಜ್ಞಾನಮ್ಮ, ಮಾತು ಬಿಗಿಹಿಡಿ.”

“ಈ ಕೆಲ್ಸಾನ ಆ ತಾಯಿ ಮೊದ್ಲೇ ಮಾಡಿದ್ರೆ? ಮಕ್ಳು ಬದುಕಿರೋವಾಗ್ಲೇ ಅವ್ರ ಮನೆ ಬಾಗ್ಲಿಗ್ ಓಗಿದ್ರೆ?”

ಚಿನ್ನಪ್ಪ ಗಾಬರಿಯಾಗಿ ಶಿಲುಬೆ ಗುರುತು ಹಾಕಿಕೊಂಡ. “ಸಂತರಿಗೆ ಬುದ್ಧಿ ಹೇಳ್ತೀಯಾ ನೀನು?”

“ಏಳ್ತೀನಿ. ಅವ್ಳೂ ಎತ್ತೋಳೇ, ನಾನೂ ಎತ್ತೋಳೇ. ಅವ್ಳಿಗೆ ಆಗ ಒಳೀಲಿಲ್ಲ, ನಂಗೆ ಈಗ ಒಳೀತು. ಅದೂ ಅವ್ಳೇ ಒಳ್ಸಿರಬೌದು!”

ಮಾರನೆಯ ಬೆಳಿಗ್ಗೆ ಇನ್ನಾಸಿಗೆ ಜ್ವರ ಬಿಟ್ಟಿತ್ತು. ಒಂದು ದಿನ ಬಿಟ್ಟು ಒಂದು ದಿನ ಬರುವ ಜ್ವರ ಅದು, ನಾಳೆ ಮತ್ತೆ ಬರುವುದೇ. ಅವನು ಚಾಪೆಯ ಮೇಲೆ ಹಸಿ ಬಟ್ಟೆಯ ಹಾಗೆ ಬಿದ್ದುಕೊಂಡಿದ್ದ. ಜ್ಞಾನಮ್ಮ ಹುರುಳಿಯನ್ನು ಬೇಯಲು ಇಟ್ಟು, ತೆರೇಜಮ್ಮನಿಗೆ ಒಲೆ ನೋಡಿಕೋ ಎಂದು ಹೇಳಿ, ಕಾಲುವೆ ಏರಿ ಹಿಡಿದಳು.

ಕಾಳೇನಹಳ್ಳಿಯಲ್ಲಿ ಚೆನ್ನಯ್ಯ ಮನೆಯೊಳಗಿರಲಿಲ್ಲ. ದನದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಾಟಿನ ಮೇಲೆ ಕೂತಿದ್ದ. ಜೈಲಿನಲ್ಲಿ ಯಾರ ಕೈಯದ್ದೋ ತಿಂದು ಬಂದವನನ್ನು ಅವರ ಕುಲದವರು ಹಾಗೆಯೇ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಸೋಮವಾರ ಕುಲದ ಯಜಮಾನರು ಬಂದು, ಕಾಯಿಸಿದ ಚಿನ್ನದ ಕಡ್ಡಿಯಿಂದ ನಾಲಿಗೆ ಮುಟ್ಟಿಸಿ ಸುಟ್ಟು, ತೀರ್ಥ ಕೊಟ್ಟು ಸೇರಿಸಿಕೊಳ್ಳುವವರಿದ್ದರು. ಅಲ್ಲಿಯವರೆಗೆ ಅವನಿಗೆ ಕೊಟ್ಟಿಗೆಯೇ ಮನೆ, ಬೇರೆಯೇ ಎಲೆ. ಆ ದಿನ ಶನಿವಾರ.

ಅವಳು ಅವನನ್ನು ನೋಡಿದಳು. ಆರು ವರ್ಷ ಅವಳ ಮನಸ್ಸಿನಲ್ಲಿ ಇದ್ದದ್ದು ಗುದ್ದಲಿ ಕಾವು ಹಿಡಿದ ಭಾರಿ ಆಳು. ಇಲ್ಲಿ ಕೂತಿದ್ದದ್ದು ಹಲ್ಲುದುರಿದ, ಕಿವಿ ಮೇಲೆ ಕೂದಲು ಬೆಳ್ಳಗಾದ ಮನುಷ್ಯ. ಅದನ್ನು ಕಂಡು ಅವಳ ಸಿಟ್ಟು ಇಳಿಯಲಿಲ್ಲ, ಇನ್ನೂ ಹೆಚ್ಚಾಯಿತು. ಇವನಿಗಾಗಿಯೇ ನನ್ನ ಮಗ ಹಾಳಾಗಬೇಕೇ ಎನ್ನಿಸಿತು.

“ಎದ್ದೇಳು. ನಮ್ಮನೆಗ್ ಬಂದು ಊಟ ಮಾಡು,” ಎಂದಳು.

ಚೆನ್ನಯ್ಯ ಬಾಯಿ ತೆರೆದುಕೊಂಡು ನೋಡಿದ. ಅವನ ತಮ್ಮ ಪುಟ್ಟಸ್ವಾಮಿ ಅಂಗಳದಿಂದ ಓಡಿ ಬಂದ. “ಏನಮ್ಮ ನಿಂದು? ತಲೆ ಕೆಟ್ಟೈತಾ?”

“ನಮ್ಮನೇಲಿ ಉಪ್ಪು ತಿಂದೋನ ಮ್ಯಾಲೆ ನಮ್ಮನೆಯೋರು ಕೈ ಎತ್ತಂಗಿಲ್ಲ. ಈ ಸೀಮೇಲಿ ಕಳ್ಳನೂ ಆ ಮಾತ್ ಮೀರಿಲ್ಲ. ಇವ್ನು ನಮ್ಮ ಉಪ್ಪು ತಿನ್ನಬೇಕು, ಅದನ್ನ ನನ್ ಮಗ ನೋಡಬೇಕು. ಅಷ್ಟೇ ನಂಗ್ ಬೇಕಾಗಿರೋದು.”

“ಕಿಲಸ್ತಾನರ ಮನೇಲಿ ತಿಂದು ಬಂದ್ರೆ ಸೋಮವಾರ ಯಜಮಾನ್ರಿಗೆ ಏನಂತ ಏಳೋದು?” ಪುಟ್ಟಸ್ವಾಮಿ ಅಣ್ಣನ ಕಡೆ ತಿರುಗಿದ. “ಓಗ್ಬ್ಯಾಡ ಅಣ್ಣ. ಓದ್ರೆ ಆ ಉಡುಗ ಕಡ್ದಾಕ್ತಾನೆ.”

“ಕಡೀಲಿ ಬುಡು,” ಎಂದಳು ಜ್ಞಾನಮ್ಮ. “ಎದ್ ನಿಲ್ಲೋ ಶಕ್ತಿ ಇಲ್ಲ ಅವ್ನಿಗೆ. ಜರ ಬಂದು ಮಲಗವ್ನೆ.”

ಚೆನ್ನಯ್ಯ ಹಲ್ಲಿಲ್ಲದ ದವಡೆ ಆಡಿಸಿದ. ಆಮೇಲೆ ಕಂಬ ಹಿಡಿದು ಎದ್ದ. “ಆರ್ ವರ್ಷ ಯಾರ್ ಯಾರ್ ಕೈದೋ ತಿಂದಿವ್ನಿ. ನಾಲ್ಗೆ ಸುಡೋದು ಒಂದೇ ಸಲ ಅಲ್ವೇನ್ಲಾ ಪುಟ್ಟ? ಇದೂ ಅದ್ರಾಗೇ ಸುಟ್ಟೋಯ್ತದೆ.”

ಅವಳು ಮುಂದೆ, ಅವನು ಹತ್ತು ಮಾರು ಹಿಂದೆ. ರಾಯಪ್ಪ ಬಿದ್ದ ಮಡೆಯ ಹತ್ತಿರ ಬಂದಾಗ ಹಿಂದಿನ ಹೆಜ್ಜೆ ಸಪ್ಪಳ ನಿಂತಿತು. ಅವಳು ತಿರುಗಲಿಲ್ಲ. “ನಿಲ್ಬ್ಯಾಡ. ನಡಿ. ನಿಂತ್ರೆ ನಾನೇ ನಿನ್ನ ನೀರಿಗ್ ತಳ್ಬುಡ್ತೀನಿ,” ಎಂದಳು. ಸುಳ್ಳಲ್ಲ. ಅವಳ ಕೈ ಹಾಗೆ ತುರಿಸುತ್ತಿತ್ತು. ಹೆಜ್ಜೆ ಸಪ್ಪಳ ಮತ್ತೆ ಶುರುವಾಯಿತು.

ಮನೆಗೆ ಬಂದರೆ ತೆರೇಜಮ್ಮ ಅವನನ್ನು ಕಂಡು ಹಿತ್ತಲ ಬಾಗಿಲಿಂದ ಓಡಿದಳು. ಜ್ಞಾನಮ್ಮ ಸಾರಿಗೆ ಖಾರ ಹಾಕಿ ಕುದಿಸಿ, ಮುದ್ದೆ ತಿರುವಿದಳು. ಮೈಯೆಲ್ಲ ಬೆವರು. ನಡುಮನೆಯಲ್ಲಿ ಮಗನ ಚಾಪೆಯ ಎದುರಿಗೇ ಮುತ್ತುಗದ ಎಲೆ ಹಾಕಿದಳು. ಚೆನ್ನಯ್ಯ ಬಂದು ಕೂತ. ಇನ್ನಾಸಿ ಕಣ್ಣು ತೆರೆದ.

ಮೊದಲು ಜ್ವರದ ಕನಸು ಎಂದುಕೊಂಡಿರಬೇಕು. ರೆಪ್ಪೆ ಬಡಿದು ಮತ್ತೆ ನೋಡಿದ. “ಅವ್ವಾ,” ಎಂದ.

“ಊಂ.”

“ಯಾರದು?”

“ಗೊತ್ತಿಲ್ವಾ ನಿಂಗೆ?”

ಇನ್ನಾಸಿ ಮೊಣಕೈ ಊರಿ ಏಳಲು ಹೋದ. ಬಿದ್ದ. ಗೋಡೆ ಹಿಡಿದು ಮತ್ತೆ ಎದ್ದ. ಚೆನ್ನಯ್ಯ ತಲೆ ಎತ್ತಲಿಲ್ಲ. ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗಿದ. ಎರಡನೇ ತುತ್ತಿಗೆ ಕೈ ನಿಂತಿತು.

“ಉಪ್ಪಿಲ್ಲ ಕಣವ್ವ,” ಎಂದ.

ಮುದ್ದೆಗೆ ಹೇಗೂ ಉಪ್ಪಿಲ್ಲ. ಇರಬೇಕಾದದ್ದು ಸಾರಿಗೆ. ಜ್ಞಾನಮ್ಮ ಯಾವ ಉಪ್ಪಿಗಾಗಿ ಅವನನ್ನು ಕರೆತಂದಳೋ ಆ ಉಪ್ಪನ್ನೇ ಹಾಕುವುದು ಮರೆತಿದ್ದಳು. ಚೆನ್ನಯ್ಯ ಸುಮ್ಮನೆ ತಿಂದು ಎದ್ದು ಹೋಗಬಹುದಿತ್ತು. ಹೋಗಿದ್ದರೆ ಆ ಊಟ ಲೆಕ್ಕಕ್ಕಿಲ್ಲ. ಅದು ಅವನಿಗೂ ಗೊತ್ತಿತ್ತು. ಅದಕ್ಕೇ ಹೇಳಿದ.

ಅವಳು ಅಡುಗೆ ಮೂಲೆಗೆ ತಿರುಗಿದಳು. ಉಪ್ಪಿನ ಮಡಕೆಯ ಮುಂದೆ ಇನ್ನಾಸಿ ನಿಂತಿದ್ದ. ಯಾವಾಗ ಅಲ್ಲಿಗೆ ಹೋದನೋ, ಗೋಡೆ ಸವರಿಕೊಂಡು ಹೋಗಿದ್ದ. ಕಣ್ಣು ಮಾತ್ರ ನೆಟ್ಟಗಿತ್ತು.

“ಸರಿ ಅತ್ಲಾಗೆ,” ಎಂದಳು ಅವಳು.

ಅವನು ಸರಿಯಲಿಲ್ಲ. ಅವ್ವನನ್ನು ನೋಡಿದ, ಚೆನ್ನಯ್ಯನನ್ನು ನೋಡಿದ. ಅವಳು ಕೈ ಮುಗಿಯಲಿಲ್ಲ, ಅಳಲಿಲ್ಲ, ಯಾವ ಸಂತರನ್ನೂ ಕರೆಯಲಿಲ್ಲ. ಕೈಯಿಂದ ಸೌಟು ಜಾರಿ ನೆಲಕ್ಕೆ ಬಿತ್ತು.

ಇನ್ನಾಸಿ ಮಡಕೆಗೆ ಕೈ ಹಾಕಿದ. ಹರಳುಪ್ಪನ್ನು ಮುಷ್ಟಿ ತುಂಬ ಬಾಚಿದ. ಮೂರು ಹೆಜ್ಜೆ ಇಟ್ಟು, ಎಲೆಯ ಮೇಲೆ, ಸಾರಿನ ಮೇಲೆ, ಮುದ್ದೆಯ ಮೇಲೆ ಅಷ್ಟನ್ನೂ ಅಪ್ಪಳಿಸಿದ. ಸಾರು ಚೆನ್ನಯ್ಯನ ಮುಖಕ್ಕೆ ಹಾರಿತು.

“ತಿನ್ನು,” ಎಂದ.

ಚೆನ್ನಯ್ಯ ಮುಖ ಒರೆಸಿಕೊಳ್ಳಲಿಲ್ಲ. ಉಪ್ಪಿನಲ್ಲಿ ಮುದ್ದೆ ಹೊರಳಿಸಿ ಬಾಯಿಗಿಟ್ಟ. ಇನ್ನೊಂದು ತುತ್ತು. ಕಣ್ಣಲ್ಲಿ ನೀರಿಳಿಯಿತು. ಓಕರಿಕೆ ಬಂತು, ಕೈಯಿಂದ ಬಾಯಿ ಮುಚ್ಚಿಕೊಂಡು ನುಂಗಿದ. ಎಲೆಯ ಮೇಲೆ ಉಳಿದ ಹರಳನ್ನು ಬೆರಳಿಂದ ಒತ್ತಿ ಒತ್ತಿ ನೆಕ್ಕಿದ. ಇನ್ನಾಸಿ ಎದುರಿಗೆ ಕುಕ್ಕರುಗಾಲಲ್ಲಿ ಕುಸಿದು ಕೂತು, ಕೊನೆಯ ಹರಳಿನ ತನಕ ನೋಡಿದ. ಆಮೇಲೆ ಗೋಡೆಯ ಕಡೆ ಮುಖ ಮಾಡಿದ.

“ಅವ್ವಾ, ನೀರ್ ಕೊಡು ಅವ್ನಿಗೆ.”

ಚೆನ್ನಯ್ಯ ಒಂದು ಚೊಂಬು ಕುಡಿದ, ಇನ್ನೊಂದು ಕುಡಿದ. ತಾನು ತಿಂದ ಎಲೆಯನ್ನು ತಾನೇ ಎತ್ತಿಕೊಂಡು ಹೊರಟು ಹೋದ. ಸೋಮವಾರ ಅವನ ನಾಲಿಗೆ ಸುಟ್ಟರು. ಅದಕ್ಕೆ ಮೊದಲೇ ಉಪ್ಪು ತಿಂದು ಬಾಯೆಲ್ಲ ಹುಣ್ಣಾಗಿತ್ತು ಎಂದು ಪುಟ್ಟಸ್ವಾಮಿ ಗೊರೂರಿನಲ್ಲಿ ಹೇಳಿಕೊಂಡು ತಿರುಗಿದ.

ಜ್ವರ ಇನ್ನೆರಡು ಸಲ ಬಂದು, ಹೋಯಿತು. ಇನ್ನಾಸಿ ಎದ್ದ. ಏರಿಯ ಮೇಲೆ ಹೋಗಿ ಕೂರಲಿಲ್ಲ. ಆದರೆ ಅವ್ವನೊಡನೆ ಒಂದು ಮಾತೂ ಆಡಲಿಲ್ಲ. ಇಕ್ಕಿದ್ದನ್ನು ಉಂಡ, ಹೇಳಿದ ಕೆಲಸ ಮಾಡಿದ. ಒಂದೂವರೆ ತಿಂಗಳು ಮನೆಯಲ್ಲಿ ಮಡಕೆ ಕುಡಿಕೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವಳಿಗೆ ಅದನ್ನೂ ತಾಳಬಹುದಿತ್ತು. ತಾಳಲಾರದ್ದು ಇನ್ನೊಂದಿತ್ತು. ಸ್ವಾಮಿಗಳು ಬಂದಾಗ ಪಾಪನಿವೇದನೆಯಲ್ಲಿ ಹೇಳಿಕೊಂಡಳು. ಅವರು ಮೂರು ಜಪ ಹೇಳು ಎಂದರು. ಮೂರಲ್ಲ, ಮೂವತ್ತು ಹೇಳಿದಳು. ಎದೆಯ ಭಾರ ಇಳಿಯಲಿಲ್ಲ. ಹೇಳಬೇಕಾದದ್ದು ಸ್ವಾಮಿಗಳಿಗಲ್ಲ ಎಂದು ಅವಳಿಗೆ ಗೊತ್ತಿತ್ತು.

ಶ್ರಾವಣದಲ್ಲಿ ನಾಟಿ. ಅವಳು ಬುತ್ತಿ ತೆಗೆದುಕೊಂಡು ಹೋದಾಗ ಇನ್ನಾಸಿ ಮೊಣಕಾಲುದ್ದ ಕೆಸರಿನಲ್ಲಿ ಪೈರಿನ ಕಟ್ಟು ಬಿಚ್ಚುತ್ತಿದ್ದ. ತಲೆ ಎತ್ತದೆಯೇ ಕೇಳಿದ:

“ಯಾಕವ್ವ ಅವತ್ತು ಅವ್ನನ್ನ ಕರ್ಕಂಬಂದೆ?”

ಅವಳು ಬುಟ್ಟಿ ಇಳಿಸಿದಳು. ಬದುವಿನ ಮೇಲೆ ಆ ಕಡೆ ಎರಡು ಹೆಜ್ಜೆ, ಈ ಕಡೆ ಎರಡು ಹೆಜ್ಜೆ ಹಾಕಿದಳು. “ನಾನು ಚರ್ಚಿನಾಗೆ ಕೂತು, ನೀನು ಕೊಲೆ ಮಾಡೋಕ್ ಮುಂಚೆ ನಿನ್ನ ಕರ್ಕೊ ಅಂತ ದೇವ್ರನ್ನ ಕೇಳ್ಬುಟ್ಟೆ ಕಣೋ. ಮಾರ್ನೇ ದಿನಾನೇ ನಿಂಗೆ ಜರ ಬಂತು. ಅದಕ್ಕೆ.”

ಇನ್ನಾಸಿ ನೆಟ್ಟಗಾದ. ಕೈಲಿದ್ದ ಪೈರಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ನನ್ನ ಸಾಯ್ಸು ಅಂತ ಕೇಳ್ದಾ?”

“ಊಂ.”

ಅವನು ಅವಳನ್ನೇ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಬೈಯಲಿ, ಹೊಡೆಯಲಿ, ಮನೆ ಬಿಟ್ಟು ಹೋಗಲಿ ಎಂದು ನಿಂತಳು.

“ಅಂಗ್ ಕೇಳ್ದೋಳು, ಮೂಗ್ ಹಿಡ್ದು ಆ ಕಹಿ ಮಾತ್ರೆ ಯಾಕ್ ತುರುಕ್ದೆ ನನ್ ಬಾಯಿಗೆ?”

ಜ್ಞಾನಮ್ಮ ಮನಸ್ಸಿನಲ್ಲೇ ಚಿನ್ನಪ್ಪ ಓದಿದ ಕಥೆಗಳನ್ನೆಲ್ಲ ಒಂದು ಸಲ ತಡಕಾಡಿದಳು. ಯಾವುದರಲ್ಲೂ ಇದಕ್ಕೆ ಉತ್ತರವಿರಲಿಲ್ಲ.

“ನಿನ್ನ ಬುಡಾಕಾಯ್ತದೇನ್ಲಾ?” ಎಂದಳು.

ಇನ್ನಾಸಿ ಬಗ್ಗಿ ನಾಟಿಗೆ ಶುರು ಮಾಡಿದ. ನಾಲ್ಕು ಸಾಲು ನೆಟ್ಟ ಮೇಲೆ, ಬೆನ್ನು ತಿರುಗಿಸಿಕೊಂಡೇ, “ಸುಮ್ನೆ ಯಾಕ್ ನಿಂತಿದ್ದೀ? ಆ ಕಟ್ಟು ಇತ್ಲಾಗ್ ಎಸಿ,” ಎಂದ. ಅವಳು ಸೀರೆ ಮೇಲಕ್ಕೆ ಕಟ್ಟಿ ಕೆಸರಿಗಿಳಿದಳು.